ಸಾದಲಿಗೆ ಹೋದ ಮೂರನೇ ಕಂತೆ

ಅದು ಸಾವಿರದ ಒಂಬೈನೂರ ಅರವತ್ತೊಂದನೆಯ ಇಸವಿ. ಯುಗಾದಿ ಕಳೆದು ತಿಂಗಳಾಗಿತ್ತು. ನನಗಾಗ ಇಪ್ಪತ್ತೊಂದು ವರ್ಷ. ಗೌರಿಬಿದನೂರಿನ ಗಂಡನ ಮನೆಯಿಂದ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ಶಿಡ್ಲಘಟ್ಟದ ತವರಿಗೆ ಬಂದು ಏಳು ತಿಂಗಳಾಗಿತ್ತು. ಹಬ್ಬಕ್ಕೆ ಬಂದವಳಲ್ಲ, ಬಾಣಂತನಕ್ಕೆ ಬಂದವಳೂ ಅಲ್ಲ. ಯಾಕೆ ಬಂದೆ ಎಂದು ನಾನು ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಬೀದಿಯವರು ಮೊದಲ ತಿಂಗಳು ಕೇಳಿದರು, ಎರಡನೆಯ ತಿಂಗಳು ಊಹಿಸಿದರು, ಮೂರನೆಯ ತಿಂಗಳಿನ ಹೊತ್ತಿಗೆ ನನಗಿಂತ ಚೆನ್ನಾಗಿ ಅವರಿಗೇ ಎಲ್ಲ ಗೊತ್ತಿತ್ತು.

ಅಮ್ಮ ಮಾತ್ರ ಒಂದು ಬೆಳಿಗ್ಗೆ ಒಲೆಯ ಮುಂದೆ ಕೂರಿಸಿಕೊಂಡು ಕೇಳಿದ್ದಳು.

“ಹೊಡೆದ್ರಾ?”

“ಇಲ್ಲ.”

“ಕುಡೀತಾರಾ?”

“ಇಲ್ಲ.”

“ನಿಮ್ಮತ್ತೆ ಹೊಟ್ಟೆಗೆ ಹಾಕ್ಲಿಲ್ವಾ?”

“ಹಾಕಿದ್ರು.”

“ಮತ್ತಿನ್ನೇನೇ ನಿನ್ನ ರೋಗ?”

ನಾನು ಬಾಯಿ ತೆರೆಯುವಷ್ಟರಲ್ಲಿ ಹಾಲು ಉಕ್ಕಿತು. ಅಮ್ಮ ಪಾತ್ರೆ ಇಳಿಸಲು ಎದ್ದಳು. ಮತ್ತೆ ಆ ಮಾತು ಎತ್ತಲಿಲ್ಲ. ಅಪ್ಪನಂತೂ ಮೊದಲಿನಿಂದಲೂ ಕೇಳಲಿಲ್ಲ. ಅವರು ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಕ್ಲಾಸಿನಲ್ಲಿ ನೂರು ಪ್ರಶ್ನೆ ಕೇಳುವ ಮನುಷ್ಯ, ಮನೆಯಲ್ಲಿ ಹೆಣ್ಣುಮಕ್ಕಳ ವಿಷಯವೆಂದರೆ ಅದು ಅಮ್ಮನ ಇಲಾಖೆ ಎಂದು ಸುಮ್ಮನಿದ್ದುಬಿಡುತ್ತಿದ್ದರು. ಕೊನೆಗೆ ಅವರೇ ಗೌರಿಬಿದನೂರಿಗೆ ಕಾಗದ ಬರೆದರು. ನನ್ನ ಗಂಡನ ಸೋದರಮಾವ ಮುಂದಿನ ಗುರುವಾರ ಬಂದು ನನ್ನನ್ನು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ಅಮ್ಮ ಹುರಿಹಿಟ್ಟು, ಚಕ್ಕುಲಿ ಮಾಡಲು ಕೂತಳು. ಒಂದೊಂದು ಚಕ್ಕುಲಿ ಎಣ್ಣೆಗೆ ಬಿದ್ದಾಗಲೂ ಗುರುವಾರಕ್ಕೆ ಇನ್ನೆಷ್ಟು ದಿನ ಎಂದು ನಾನು ಎಣಿಸುತ್ತಿದ್ದೆ.

ಇನ್ನು ಅಪ್ಪನ ಪುಸ್ತಕದ ಕೂಟದ ವಿಷಯ ಹೇಳಬೇಕು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಜಗಲಿಯಲ್ಲಿ ನಾಲ್ಕು ಜನ ಸೇರುತ್ತಿದ್ದರು. ಅಪ್ಪ ಒಬ್ಬರು. ಪೋಸ್ಟ್ ಮಾಸ್ಟರ್ ರಾಮಚಂದ್ರರಾಯರು ಒಬ್ಬರು. ಗೂಡಿನಿಂದ ರೇಷ್ಮೆ ನೂಲು ತೆಗೆಸುವ ಬಾಷಾ ಸಾಹೇಬರು ಇನ್ನೊಬ್ಬರು. ಅವರು ಮನೆಯಲ್ಲಿ ಉರ್ದು ಮಾತಾಡಿದರೂ ಓದುತ್ತಿದ್ದುದು ಕನ್ನಡ ಕಾದಂಬರಿ. ಅವರಿಗೆ ಅಮ್ಮ ಬೇರೆ ಗಾಜಿನ ಲೋಟದಲ್ಲಿ ಕಾಫಿ ಕೊಡುತ್ತಿದ್ದಳು, ಅವರು ಗೊತ್ತೇ ಇಲ್ಲದವರಂತೆ ಕುಡಿಯುತ್ತಿದ್ದರು. ನಾಲ್ಕನೆಯವರು ಸಾದಲಿಯ ಮುನಿಶಾಮಪ್ಪನವರು. ಹೊಲ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ ಎಲ್ಲ ಇದ್ದ ಸ್ಥಿತಿವಂತರು. ಬಸ್ಸು ಹತ್ತಿ ಕೂಟಕ್ಕೆ ಬರುವುದೇ ಅವರಿಗೊಂದು ದೊಡ್ಡಸ್ತಿಕೆ.

ಈ ನಾಲ್ವರೂ ಸೇರಿ ತಿಂಗಳಿಗೊಂದು ಹೊಸ ಕಾದಂಬರಿ ತರಿಸುತ್ತಿದ್ದರು. ಪುಸ್ತಕ ಒಂದೇ, ಓದುವವರು ನಾಲ್ಕು ಜನ. ಒಬ್ಬರಾದ ಮೇಲೆ ಒಬ್ಬರು ಓದಿದರೆ ಕೊನೆಯವರ ಸರದಿ ಬರುವಷ್ಟರಲ್ಲಿ ಮೊದಲು ಓದಿದವರಿಗೆ ಕಥೆ ಮರೆತುಹೋಗಿರುತ್ತಿತ್ತು. ಅದಕ್ಕೆ ಅಪ್ಪ ಒಂದು ಉಪಾಯ ಕಂಡುಹಿಡಿದಿದ್ದರು. ಪುಸ್ತಕ ಬಂದ ದಿನವೇ ರಟ್ಟು ಬಿಚ್ಚಿ, ಕ್ಷೌರದ ಬ್ಲೇಡಿನಿಂದ ಬೆನ್ನು ಕೊಯ್ದು, ನಾಲ್ಕು ಕಂತೆ ಮಾಡುವುದು. ಒಂದೊಂದಕ್ಕೂ ದಬ್ಬಳದಲ್ಲಿ ದಾರ ಪೋಣಿಸಿ, ಹಳೆಯ ಪೇಪರಿನ ಹೊದಿಕೆ ಹಾಕಿ ನಂಬರು ಬರೆಯುವುದು. ವಾರಕ್ಕೊಂದು ಕಂತೆ, ಭಾನುವಾರ ಬದಲಾವಣೆ. ತಿಂಗಳು ಮುಗಿದಾಗ ನಾಲ್ವರೂ ಇಡೀ ಪುಸ್ತಕ ಓದಿ ಮುಗಿಸಿರುತ್ತಿದ್ದರು. ಅನುಕ್ರಮ ಮಾತ್ರ ಕೇಳಬಾರದು. ಮೊದಲನೇ ಕಂತೆ ಮೊದಲು ಓದುವ ಭಾಗ್ಯ ಒಬ್ಬರಿಗೇ. ಬಾಷಾ ಸಾಹೇಬರಿಗೆ ಹೆಚ್ಚಾಗಿ ಕೊನೆಯ ಕಂತೆ ಮೊದಲು ಸಿಗುತ್ತಿತ್ತು. ಮದುವೆಯಾಗುವ ಮೊದಲೇ ಮೊಮ್ಮಕ್ಕಳನ್ನು ನೋಡಿ, ತೀರಿಹೋದವರನ್ನು ಮುಂದಿನ ವಾರ ಬದುಕಿಸಿಕೊಂಡು, ಅವರು ಹೇಗೋ ಕಥೆ ಹೊಂದಿಸಿಕೊಳ್ಳುತ್ತಿದ್ದರು.

ಕೊನೆಗೆ ಕೂಟದ ಅಭಿಪ್ರಾಯ ಬರೆಯುವುದು. ಅಪ್ಪನ ದುಂಡಗಿನ ಅಕ್ಷರದಲ್ಲಿ ಒಂದು ಪುಟ, ಕೆಳಗೆ ನಾಲ್ವರ ರುಜು. ಅದನ್ನು ಕಾದಂಬರಿ ಬರೆದವರಿಗೆ ಕಳಿಸುತ್ತಿದ್ದರು. ಯಾರೂ ಉತ್ತರ ಬರೆದ ನೆನಪು ನನಗಿಲ್ಲ. ಆದರೂ ಆ ಕಾಗದ ಹೊರಟ ದಿನ ಅಪ್ಪನ ನಡಿಗೆಯೇ ಬೇರೆ.

ಆ ತಿಂಗಳ ಕಾದಂಬರಿ ಹೊಸದಾಗಿ ಬಂದು ತುಂಬಾ ಚರ್ಚೆಯಲ್ಲಿದ್ದದ್ದು. ಹೆಸರು ಹೇಳುವುದು ಬೇಡ, ಬರೆದವರಿಗೆ ತಮ್ಮ ಪುಸ್ತಕಕ್ಕಾದ ಗತಿ ಗೊತ್ತಾದರೆ ನೊಂದುಕೊಂಡಾರು. ಸುಮತಿ ಎಂಬ ಹುಡುಗಿ ಗಂಡನ ಮನೆ ಬಿಟ್ಟು ಬರುವ ಕಥೆ. ಅಪ್ಪನ ಕೈಗೆ ಬಂದ ಕಂತೆಯನ್ನು ಅವರು ಶಾಲೆಗೆ ಹೋದಾಗ ನಾನು ಓದುತ್ತಿದ್ದೆ. ಅವರಿಗೂ ಅದು ಗೊತ್ತಿತ್ತು, ಏನೂ ಅನ್ನುತ್ತಿರಲಿಲ್ಲ. ಒಂದನೆಯದು ಓದಿದೆ, ನಾಲ್ಕನೆಯದು ಓದಿದೆ, ಎರಡನೆಯದೂ ಓದಿದೆ. ಮೂರನೆಯದು ಬರಲೇ ಇಲ್ಲ. ಅದು ಮೊದಲ ವಾರವೇ ಮುನಿಶಾಮಪ್ಪನವರ ಪಾಲಿಗೆ ಹೋಗಿತ್ತು. ಪ್ರತಿ ಭಾನುವಾರವೂ ಅವರು “ಅಯ್ಯೋ, ಮರೆತ್ಬಂದೆ, ಮುಂದಿನ್ವಾರ ತರ್ತೀನಿ” ಅನ್ನುತ್ತಿದ್ದರು.

ಎರಡನೆಯ ಕಂತೆಯ ಕೊನೆಯಲ್ಲಿ ಸುಮತಿ ಹೊಸ ಮದುವಣಗಿತ್ತಿಯಾಗಿ ಹೊಸಿಲು ದಾಟಿ ಒಳಗೆ ಹೋಗುತ್ತಾಳೆ. ನಾಲ್ಕನೆಯ ಕಂತೆಯ ಮೊದಲ ಸಾಲಿನಲ್ಲೇ ಕೈಯಲ್ಲಿ ಗಂಟು ಹಿಡಿದು ಅಪ್ಪನ ಮನೆಯ ಬಾಗಿಲಲ್ಲಿ ನಿಂತಿರುತ್ತಾಳೆ. ನಡುವೆ ಏನಾಯಿತು? ನನಗೆ ಅದನ್ನು ಓದದೆ ನಿದ್ದೆ ಬರದ ಹಾಗಾಗಿತ್ತು. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗುರುವಾರಕ್ಕೆ ನಾಲ್ಕು ದಿನ ಇದೆ ಎನ್ನುವ ಭಾನುವಾರ ಅಭಿಪ್ರಾಯ ಬರೆಯಲು ಕೂತರು. ನಾನು ನಡುಮನೆಯ ಬಾಗಿಲ ಹಿಂದೆ ಅಕ್ಕಿ ಆರಿಸುತ್ತಾ ಕೂತಿದ್ದೆ. ಅಪ್ಪ ಮೂರನೆಯ ಕಂತೆ ಎಲ್ಲಿ ಎಂದು ಕೇಳಿದರು.

ಮುನಿಶಾಮಪ್ಪನವರು ಶಲ್ಯ ಸರಿಮಾಡಿಕೊಂಡರು. “ಅದೊಂದು ಓದ್ದಿದ್ರೆ ಏನೂ ಗಂಟು ಹೋಗಲ್ಲ ಬಿಡಿ ಮೇಷ್ಟ್ರೇ. ಅದ್ರಲ್ಲಿ ಏನೂ ಇಲ್ಲ. ಬರೀ ಹೆಂಗಸ್ರ ಅಡುಗೆಮನೆ ಸಮಾಚಾರ. ಸೀರೆ, ಸಾರು, ಪಾತ್ರೆ ಪಡಗ.”

“ಹಾಗಾದ್ರೆ ಸರಿ,” ಅಂದರು ರಾಮಚಂದ್ರರಾಯರು. “ನಮಗೆ ಬೇಕಾದ್ದು ಮುಖ್ಯ ವಿಷಯ. ಕಾರಣ ಇಲ್ದೆ ಗಂಡನ ಮನೆ ಬಿಟ್ಟು ಬಂದ್ಲು. ಬಂದೋಳು ವಾಪಸ್ಸೂ ಹೋಗ್ಲಿಲ್ಲ. ಬರೆಯಿರಿ ಮೇಷ್ಟ್ರೇ.”

ಅಪ್ಪ ಬರೆದು ಗಟ್ಟಿಯಾಗಿ ಓದಿದರು. “ಯಾವ ಕಾರಣವೂ ಇಲ್ಲದೆ ಪತಿಗೃಹವನ್ನು ತೊರೆದ ಹೆಣ್ಣಿಗೆ ಲೇಖಕರು ಇಷ್ಟೊಂದು ಸಹಾನುಭೂತಿ ತೋರಿಸಿರುವುದು ಸಮಾಜಕ್ಕೆ ಹಿತವಲ್ಲವೆಂದು ನಮ್ಮ ಒಮ್ಮತದ ಅಭಿಪ್ರಾಯ.” ನಾಲ್ವರೂ ರುಜು ಹಾಕಿದರು. ರಾಮಚಂದ್ರರಾಯರು ಮಾರನೆಯ ದಿನ ಟಪ್ಪಾಲಿಗೆ ಹಾಕುತ್ತೇನೆಂದು ಮಡಿಸಿ ಜೇಬಿನಲ್ಲಿಟ್ಟುಕೊಂಡರು.

ನನ್ನ ಬಾಯಿ ಸ್ವಲ್ಪ ಜೋರು. ಹುಟ್ಟಿನಿಂದ ಬಂದದ್ದು. ಗಂಡನ ಮನೆಯಲ್ಲಿ ಅದಕ್ಕೇ ಪೆಟ್ಟು ತಿಂದವಳು ಎಂದರೂ ಸರಿ, ಕೈಯ ಪೆಟ್ಟಲ್ಲ ಅಷ್ಟೆ. ಏಳು ತಿಂಗಳು ಅದುಮಿಟ್ಟಿದ್ದ ಬಾಯಿ ಅವತ್ತು ತೆರೆದುಕೊಂಡಿತು. ಅಕ್ಕಿಯ ಮೊರ ಕೈಯಲ್ಲಿದ್ದ ಹಾಗೇ ಎದ್ದು ಜಗಲಿಗೆ ಬಂದುಬಿಟ್ಟೆ.

“ಅಪ್ಪ, ನಿಮ್ಮ ಕ್ಲಾಸಲ್ಲಿ ಪಾಠ ಓದದೆ ಉತ್ತರ ಬರೆದ್ರೆ ಮಾರ್ಕು ಕೊಡ್ತೀರಾ?”

ನಾಲ್ವರೂ ಒಟ್ಟಿಗೆ ತಿರುಗಿ ನೋಡಿದರು. ವಾಲಿದ ಮೊರದಿಂದ ಅಕ್ಕಿ ಚೆಲ್ಲುತ್ತಿತ್ತು. ಆದರೂ ನಿಲ್ಲಿಸಲಿಲ್ಲ. “ಕಾರಣ ಇಲ್ಲ ಅಂತ ಬರೆದಿದೀರಿ. ಕಾರಣ ಮೂರನೇ ಕಂತೇಲಿದ್ರೆ? ಅದನ್ನ ಇಲ್ಲಿರೋರು ಯಾರು ಓದಿದೀರಿ?”

“ಮೇಷ್ಟ್ರೇ, ಇದೇನಿದು?” ಅಂದರು ರಾಮಚಂದ್ರರಾಯರು.

ಅಪ್ಪನ ಮುಖ ಕೆಂಪಾಗಿತ್ತು. “ಒಳಗೆ ಹೋಗು ಲಲಿತಾ,” ಅಂದರು. ಆದರೆ ಬಾಷಾ ಸಾಹೇಬರು ಕೈ ಅಡ್ಡ ಹಿಡಿದರು. “ತಡೀರಿ ಮೇಷ್ಟ್ರೇ. ಬೇಟಿ ಕೇಳಿದ್ರಲ್ಲಿ ತಪ್ಪೇನಿದೆ? ನಾನು ನಾಕನೇದು ಮೊದ್ಲು ಓದ್ದೋನು. ಎಲ್ಲಾ ಮುಗಿದ್ಮೇಲೆ ಪಂಚಾಯ್ತಿಗೆ ಬಂದಂಗಾಯ್ತು ನಂಗೆ. ಯಾಕೆ, ಏನು, ಒಂದೂ ತಿಳೀಲಿಲ್ಲ. ಸುಮ್ನೆ ರುಜು ಹಾಕ್ಬಿಟ್ಟೆ.” ಆಮೇಲೆ ಮುನಿಶಾಮಪ್ಪನವರ ಕಡೆ ತಿರುಗಿದರು. “ನೀವು ಓದಿದ್ರೇನ್ರೀ, ಖರೇ ಹೇಳಿ.”

ಮುನಿಶಾಮಪ್ಪನವರು ಶಲ್ಯದಿಂದ ಕುತ್ತಿಗೆ ಒರೆಸಿಕೊಂಡರು. “ಆಗ ಹುಳ ಹಣ್ಣಾಗಿತ್ತು ಸಾಹೇಬ್ರೇ, ಗೂಡು ಕಟ್ಟೋ ಸಮಯ. ಎರಡು ಹಾಳೆ ತಿರುವಿ ಅಟ್ಟದ ಮೇಲೆ ಇಟ್ಟೆ. ಆಮೇಲೆ ನೋಡಿದ್ರೆ ಇಲ್ಲ. ಹೆಂಗಸ್ರು ಎಲ್ಲಿಟ್ಟವ್ರೋ ಏನೋ.”

ಅಪ್ಪನಿಗೆ ನಿಜವಾದ ಕೋಪ ಬಂದದ್ದು ಆಗ. ಅದು ನನ್ನ ಮೇಲಲ್ಲ. ಓದದೇ ಓದಿದೆ ಅನ್ನುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ, ಮತ್ತು ಅಂಥ ಮಾತಿಗೆ ತಾವೇ ರುಜು ಹಾಕಿದ್ದರು. “ಒಂದೂವರೆ ಬಸ್ಸಿಗೆ ಸಾದಲಿಗೆ ಹೋಗಣ ನಡೀರಿ,” ಅಂದರು. ರಾಮಚಂದ್ರರಾಯರು ತಮಗೆ ಹುಳದ ಮನೆಯ ವಾಸನೆ ಆಗುವುದಿಲ್ಲವೆಂದು ಮನೆಗೆ ಹೊರಟರು. ಕಾಗದ ಅವರ ಜೇಬಿನಲ್ಲೇ ಇತ್ತು. ನಾನೂ ಬರುತ್ತೇನೆಂದೆ. “ಗುರುವಾರ ಹೊರಡೋ ಹುಡುಗಿ, ಬಿಸಿಲಲ್ಲಿ ಊರೂರು ಅಲೀಬೇಕಾ?” ಎಂದು ಅಮ್ಮ ಗೊಣಗಿದಳು. ಅಪ್ಪ ಬೇಡ ಅನ್ನಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡೆ.

ಸಾದಲಿಯಲ್ಲಿ ಮುನಿಶಾಮಪ್ಪನವರ ಹೆಂಡತಿ ಅಕ್ಕಯ್ಯಮ್ಮನವರು ಅಂಗಳದಲ್ಲಿ ರಾಗಿ ಕೇರುತ್ತಿದ್ದರು. ನಲವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ತೆಲುಗಿನ ಎಳೆತ ಇದ್ದ ಕನ್ನಡ. ನಮ್ಮನ್ನು ಕಂಡ ಕೂಡಲೇ ಚಾಪೆ ಹಾಸಿ, ಮಜ್ಜಿಗೆ ತಂದರು. ಬಾಷಾ ಸಾಹೇಬರಿಗೂ ಅದೇ ಹಿತ್ತಾಳೆ ಲೋಟದಲ್ಲಿ ಕೊಟ್ಟದ್ದನ್ನು ನಾನು ಗಮನಿಸಿದೆ.

“ಆ ಪುಸ್ತಕದ ಕಂತೆ ಎಲ್ಲೇ? ಪೇಪರ್ ಸುತ್ತಿತ್ತಲ್ಲ, ಅಟ್ಟದ್ಮೇಲೆ?” ಎಂದು ಮುನಿಶಾಮಪ್ಪನವರು ಗದರಿದ ಹಾಗೆ ಕೇಳಿದರು.

“ಅದಾ? ಹುಳದ ಕೆಳಗೈತೆ.”

“ಏನು?”

“ಹೋದ್ವಾರ ಹೊಸ ಮೊಟ್ಟೆ ಒಡೀತಲ್ಲ, ತಟ್ಟೆಗೆ ಹಾಸಕ್ಕೆ ಪೇಪರ್ ಸಾಲ್ದೆ ಬಂತು. ಅಟ್ಟ ಹುಡುಕಿದೆ. ಇದು ಸಿಕ್ತು. ತಲೆ ಇಲ್ಲ, ಬಾಲ ಇಲ್ಲ, ರಟ್ಟೂ ಇಲ್ಲ. ರದ್ದಿ ಅಂದ್ಕೊಂಡು ಬಿಚ್ಚಿ ಹಾಸ್ಬಿಟ್ಟೆ. ನೀವೇ ಅಂದ್ರಲ್ಲ, ಅದ್ರಲ್ಲೇನೂ ಇಲ್ಲ ಅಂತ.”

ಅಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡರು. ಬಾಷಾ ಸಾಹೇಬರಿಗೆ ನಗು ತಡೆಯಲಾಗದೆ ಮಜ್ಜಿಗೆ ನೆತ್ತಿಗೆ ಹತ್ತಿತು. ಆ ಹಾಳೆಗಳನ್ನು ಈಗಲೇ ತೆಗೆದುಕೊಡುತ್ತೇನೆಂದು ಮುನಿಶಾಮಪ್ಪನವರು ಹೊರಟರೆ ಅಕ್ಕಯ್ಯಮ್ಮ ಬಾಗಿಲಿಗೆ ಅಡ್ಡ ನಿಂತರು. “ಮುಟ್ಟಂಗಿಲ್ಲ. ಹುಳ ಎರಡನೇ ಜ್ವರಕ್ಕೆ ಕೂತೈತೆ. ನಾಳೆ ಸಾಯಂಕಾಲ ಏಳ್ತವೆ. ಅಲ್ಲಿಗಂಟ ದೇವ್ರು ಬಂದ್ರೂ ತಟ್ಟೆ ಅಲ್ಲಾಡ್ಸಲ್ಲ ನಾನು.”

ರೇಷ್ಮೆ ಹುಳು ಮೈಯ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಅವು ಸೊಪ್ಪು ತಿನ್ನುವುದಿಲ್ಲ, ಮಿಸುಕುವುದಿಲ್ಲ. ಕದಲಿಸಿದರೆ ಬೆಳೆ ಕೆಟ್ಟಿತು. ಆ ಮನೆಯ ವರ್ಷದ ಅನ್ನ ಅದು. ಅಪ್ಪನಿಗೂ ಅದು ಗೊತ್ತಿತ್ತು. ನನ್ನ ಮುಖ ನೋಡಿ ಅಕ್ಕಯ್ಯಮ್ಮನಿಗೆ ಏನನ್ನಿಸಿತೋ, “ನೀನೊಬ್ಳು ಬಾಮ್ಮ, ಕಾಲು ತೊಳ್ಕೊಂಡು ಬಾ, ತೋರಿಸ್ತೀನಿ” ಎಂದು ಒಳಗೆ ಕರೆದುಕೊಂಡು ಹೋದರು.

ಒಳಗೆ ತಂಪಾಗಿತ್ತು, ಅರೆಗತ್ತಲೆ. ಇರುವೆ ಹತ್ತದಂತೆ ನೀರಿನ ಬಟ್ಟಲಲ್ಲಿ ಕಾಲಿಟ್ಟ ಅಟ್ಟಣೆ, ಅದರ ಮೇಲೆ ಬಿದಿರ ತಟ್ಟೆಗಳು. ಒಂದು ತಟ್ಟೆಯಲ್ಲಿ ಒಣಗಿದ ಸೊಪ್ಪಿನ ಚೂರುಗಳ ನಡುವೆ ನಮ್ಮ ಕಾದಂಬರಿಯ ಹಾಳೆಗಳು ಒಂದರ ಪಕ್ಕ ಒಂದು ಹಾಸಿದ್ದವು. ಅಕ್ಷರಗಳ ಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ನೂರಾರು ಹುಳುಗಳು ತಲೆ ಎತ್ತಿ, ಅಲ್ಲಾಡದೆ ಕೂತಿದ್ದವು. ಬಗ್ಗಿ ನೋಡಿದೆ. ‘ಅವಳು’ ಎನ್ನುವ ಒಂದು ಶಬ್ದ ಕಾಣಿಸಿತು, ಉಳಿದದ್ದು ಹುಳುವಿನ ಕೆಳಗಿತ್ತು. ನನಗೆ ಅಳು ಬಂದುಬಿಟ್ಟಿತು.

“ಅಯ್ಯೋ, ಅದಕ್ಯಾಕೆ ಅಳ್ತೀಯಾ ತಾಯಿ? ನಾನು ಓದಿವ್ನಿ,” ಅಂದರು ಅಕ್ಕಯ್ಯಮ್ಮ. “ಮೂರನೇ ಕ್ಲಾಸು ನಾನು. ಒಂದೊಂದು ಹಾಳೆ ಹಾಸೋವಾಗ್ಲೂ ಓದಿ ಹಾಸ್ದೆ. ಅರ್ಧ ದಿನ ಆಯ್ತು. ನಮ್ಮ ಸೊಸೆ ಬೈದ್ಲು.”

ಹೊರಗೆ ಬಂದೆವು. ಅವರು ಮೊರ ಪಕ್ಕಕ್ಕಿಟ್ಟು, ಗೋಡೆಗೆ ಒರಗಿ ಕೂತು ಹೇಳಲು ತೊಡಗಿದರು. ಹುಳು ಜ್ವರಕ್ಕೆ ಕೂತಿದ್ದರಿಂದ ಸೊಪ್ಪು ಹೆಚ್ಚುವ ಕೆಲಸವಿಲ್ಲ, ಅವತ್ತು ಅವರಿಗೂ ಬಿಡುವು.

“ಆ ಹುಡ್ಗಿ ಎರಡನೇ ಸಂಬಂಧಕ್ಕೆ ಬಂದೋಳು. ಮೊದ್ಲನೇ ಹೆಂಡ್ತಿ ಜಾನಕಿ ತೀರ್ಕೊಂಡಿರ್ತಾಳೆ. ಬಂದ ದಿನಾನೇ ಅತ್ತೆ ಅಂತಾಳೆ, ನಮ್ಮ ಬಾಯಿಗೆ ಜಾನಕಿ ಅನ್ನೋದೇ ರೂಢಿ, ನಿನ್ನನ್ನೂ ಹಂಗೇ ಕರೀತೀವಿ ಅಂತ. ಪಾಪ, ಹೊಸ ಮನೆ, ಏನಂತಾಳೆ? ಹೂಂ ಅಂತಾಳೆ. ಆಮೇಲೆ ಜಾನಕಿ ಸೀರೇನೇ ಉಟ್ಕೋ. ಜಾನಕಿ ಸಾರಿಗೆ ಬೆಲ್ಲ ಹಾಕ್ತಿದ್ಳು, ನೀನೂ ಹಾಕು. ಜಾನಕಿ ಹಂಗೆ ನಗ್ತಿರ್ಲಿಲ್ಲ, ನೀನೂ ನಗಬೇಡ. ಯಾರೂ ಕೈ ಎತ್ತಲ್ಲ ಮೇಷ್ಟ್ರೇ, ಯಾರೂ ಬೈಯಲ್ಲ. ಗಂಡನೂ ಜಾನಕೀ ಅಂತಾನೇ ಕರೀತಾನೆ.”

“ಮೂರು ವರ್ಷ ಆದ್ಮೇಲೆ ಅವ್ಳ ತವರೂರಿಂದ ಪಾತ್ರೆಗೆ ಕಲಾಯಿ ಹಾಕೋ ಸಾಬರು ಆ ಬೀದಿಗೆ ಬರ್ತಾರೆ. ಇವ್ಳು ಬಾವಿ ಹತ್ರ ನೀರು ಸೇದ್ತಾ ಇರ್ತಾಳೆ. ಮಗು ಆಗಿದ್ದಾಗ್ಲಿಂದ ನೋಡ್ದೋರು. ಸುಮತಮ್ಮಾ, ಸುಮತಮ್ಮಾ ಅಂತ ಕೂಗ್ತಾರೆ. ಇವ್ಳು ತಿರುಗಿ ನೋಡಲ್ಲ. ಯಾರನ್ನೋ ಕರೀತವ್ರೆ ಅಂದ್ಕೊಂಡು ಕೊಡ ಎತ್ಕೊಂಡು ಒಳಕ್ಕೆ ಹೋಗ್ತಾಳೆ. ಹೊಸಲು ದಾಟಿದ್ಮೇಲೆ ಜ್ಞಾಪ್ಕ ಬರ್ತದೆ, ಅಯ್ಯೋ ಅದು ನಾನಲ್ವಾ ಅಂತ. ಕೊಡ ಇಳಿಸಿ ಓಡಿ ಬರ್ತಾಳೆ. ಅವ್ರು ಹೊಂಟೋಗಿರ್ತಾರೆ.” ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. “ಅವತ್ತೇ ಮನೆ ಬಿಡ್ತಾಳೆ. ಬಿಡ್ದೆ ಇನ್ನೇನು ಮಾಡ್ತಾಳೆ?”

ಆಮೇಲೆ ಅಕ್ಕಯ್ಯಮ್ಮ ಸಣ್ಣಗೆ ನಕ್ಕರು. “ನನ್ನ ಹೆಸ್ರೂ ಅಕ್ಕಯ್ಯಮ್ಮ ಅಲ್ಲ. ಕೆಂಚಾರ್ಲಹಳ್ಳೀಲಿ ನಮ್ಮಪ್ಪ ಇಟ್ಟಿದ್ದು ರತ್ನಮ್ಮ ಅಂತ. ಇಲ್ಲಿ ನಮ್ಮತ್ತೆ ಹೆಸ್ರೂ ಅದೇ ಆಗಿತ್ತು. ಮಗ ಅಮ್ಮನ ಹೆಸ್ರು ಹಿಡಿದು ಹೆಂಡ್ತೀನ ಕರೆಯಕ್ಕಾಗ್ತದಾ? ಬದಲಾಯಿಸಿದ್ರು. ನಮ್ಮತ್ತೆ ಒಳ್ಳೆಯೋರು, ನಂಗೇನು ಬೇಜಾರಿಲ್ಲ. ಆದ್ರೂ ಇದು ಓದ್ದಾಗ, ಯಾರಾದ್ರೂ ರತ್ನಾ ಅಂದ್ರೆ ನಾನು ತಿರುಗಿ ನೋಡ್ತೀನಾ ಅನ್ನಿಸ್ತು.”

ಮುನಿಶಾಮಪ್ಪನವರು ಹೆಂಡತಿಯನ್ನೇ ನೋಡುತ್ತಿದ್ದರು. “ಇದೆಲ್ಲ ಓದಿದ್ದು ನಂಗೆ ಹೇಳ್ಲೇ ಇಲ್ವಲ್ಲೇ?”

“ನೀವು ಕೇಳಿದ್ರಾ?” ಅಂದರು ಅವರು. ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಆಮೇಲೆ ಅಪ್ಪನ ಕಡೆ ತಿರುಗಿ, “ಮುಂದಿನ್ದು ನೀವು ಓದಿದೀರಲ್ಲ ಮೇಷ್ಟ್ರೇ, ಆಮೇಲೇನಾಯ್ತು ಆ ಹುಡ್ಗೀಗೆ?” ಎಂದು ಆಸೆಯಿಂದ ಕೇಳಿದರು.

ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. “ತವರಿಗೆ ಬರ್ತಾಳೆ ಕಣಮ್ಮ. ಎರಡು ದಿನ ಆದ್ಮೇಲೆ ಅವಳಪ್ಪ ಗಾಡಿ ಕಟ್ಟಿಸಿ ವಾಪಸ್ಸು ಬಿಡಕ್ಕೆ ಕರ್ಕೊಂಡು ಹೊರಡ್ತಾನೆ. ಅವಳು ದಾರೀಲಿ ಗಾಡಿ ಇಳಿದು ಎಲ್ಲಿಗೋ ನಡ್ಕೊಂಡು ಹೋಗ್ಬಿಡ್ತಾಳೆ.”

“ವಾಪಸ್ಸು ಕರ್ಕೊಂಡು ಹೋದ್ನಾ? ಯಾಕಮ್ಮ ಬಂದೆ ಅಂತ ಕೇಳ್ಲಿಲ್ವಾ?”

ಅಪ್ಪ ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು. “ಕೇಳ್ಲಿಲ್ಲ,” ಅಂದರು.

“ಥೂ, ಎಂಥಾ ಅಪ್ಪ ಅವ್ನು!” ಅಂದರು ಅಕ್ಕಯ್ಯಮ್ಮ.

ನನ್ನ ವಿಷಯ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಷ್ಟು ಒಳ್ಳೆಯ ಹೆಂಗಸು ಹಾಗೆ ಅನ್ನುತ್ತಿರಲಿಲ್ಲ. ಮುನಿಶಾಮಪ್ಪನವರು ಕೆಮ್ಮಿದರು. ಬಾಷಾ ಸಾಹೇಬರು ಎದ್ದು, ಬಸ್ಸಿನ ಹೊತ್ತಾಯಿತೆಂದು ಕೊಡೆ ಎತ್ತಿಕೊಂಡರು. ನಾನು ನೆಲ ನೋಡುತ್ತಾ ಕೂತಿದ್ದೆ, ಅಪ್ಪನ ಮುಖ ನೋಡುವ ಧೈರ್ಯ ಬರಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಜನ ಕಡಿಮೆ. ಬಾಷಾ ಸಾಹೇಬರು ಬೇಕೆಂದೇ ಮುಂದೆ ಡ್ರೈವರ್ ಪಕ್ಕ ಹೋಗಿ ಕೂತು ಗೂಡಿನ ಧಾರಣೆ ಮಾತಾಡತೊಡಗಿದರು. ಬಿಸಿಲು ಇಳಿಯುತ್ತಿತ್ತು. ಬಸ್ಸು ಮೂರು ನಾಲ್ಕು ಮೈಲಿ ಹೋಯಿತು. ಆಮೇಲೆ ಅಪ್ಪ ಕಿಟಕಿಯ ಆಚೆ ನೋಡುತ್ತಲೇ ಕೇಳಿದರು.

“ಲಲಿತಾ, ನಾನು ನಿನ್ನ ಕೇಳ್ಲೇ ಇಲ್ಲ, ಅಲ್ವೇನಮ್ಮ?”

“ಇಲ್ಲ ಅಪ್ಪ.”

“ಈಗ ಕೇಳ್ತಿದೀನಿ. ಹೇಳು.”

ನಾನು ಹೇಳಿದೆ. ಮದುವೆಯಾದ ಎರಡನೆಯ ವಾರ ನೆಂಟರ ಪಂಕ್ತಿಯಲ್ಲಿ ನನ್ನ ಗಂಡ ಚಿಂತಾಮಣಿಯ ಸಂತೆ ಯಾವ ವಾರ ಎಂದು ತಪ್ಪಾಗಿ ಹೇಳಿದರು. ಬಡಿಸುತ್ತಿದ್ದ ನಾನು ನಗುತ್ತಾ ತಿದ್ದಿದೆ. ನೆಂಟರೂ ನಕ್ಕರು. ನನ್ನ ಗಂಡ ಅರ್ಧ ಊಟಕ್ಕೆ ಕೈ ತೊಳೆದು ಎದ್ದರು. ಅವತ್ತಿನಿಂದ ಹದಿನಾಲ್ಕು ತಿಂಗಳು ನನ್ನೊಡನೆ ಒಂದು ಮಾತೂ ಆಡಲಿಲ್ಲ. ನಾನು ಎದುರಿಗೇ ನಿಂತಿದ್ದರೂ “ಅಮ್ಮ, ಅವಳಿಗೆ ಹೇಳು, ನೀರು ತರಲಿ” ಅನ್ನುತ್ತಿದ್ದರು. ತಪ್ಪಾಯಿತೆಂದು ಕಾಲು ಹಿಡಿದೆ, ಕಾಲು ಎಳೆದುಕೊಂಡರು, ಮಾತು ಇಲ್ಲ. ಕೊನೆಗೆ ಒಂದು ಸಲ ಅತ್ತೆ ಎರಡು ದಿನ ಮದುವೆಗೆ ಹೋದರು. ಹೇಳಲು ನಡುವೆ ಯಾರೂ ಇಲ್ಲ. ನೀರು ಬೇಕಾದಾಗ ಅವರು ಲೋಟವನ್ನು ನೆಲಕ್ಕೆ ಕುಟ್ಟಿದರು. ಅನ್ನ ಬೇಕಾದಾಗ ಎರಡು ಸಲ ಕುಟ್ಟಿದರು. ಮೂರನೆಯ ದಿನ ಅತ್ತೆ ಬಂದ ಮೇಲೆ ನಾನು ಪೆಟ್ಟಿಗೆ ತೆಗೆದುಕೊಂಡು ಹೊರಟೆ.

“ಇದನ್ನ ಹೇಗೆ ಹೇಳೋದು ಅಪ್ಪ? ಹೊಡೆದ್ರಾ ಅಂದ್ರೆ ಇಲ್ಲ ಅನ್ನಬೇಕು. ಎಲ್ಲರೂ ಹಾಗಾದ್ರೆ ಏನೂ ಇಲ್ಲವಲ್ಲ ಅಂತಾರೆ.”

ಅಪ್ಪ ನನ್ನ ಕಡೆ ತಿರುಗಿದರು. “ಎರಡು ದಿನವೂ ಲೋಟ ಕುಟ್ಟಿದರಾ?” ಎಂದು ಮಾತ್ರ ಕೇಳಿದರು. ನಾನು ಹೂಂ ಅಂದೆ. ಅವರ ಕಣ್ಣಲ್ಲಿ ನೀರು ಬಂದಿತ್ತು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾರನೆಯ ದಿನ ಅಪ್ಪ ಶಾಲೆಗೆ ಹೋಗುವ ಮೊದಲು ರಾಮಚಂದ್ರರಾಯರ ಮನೆಗೆ ಹೋಗಿ ಆ ಕಾಗದ ವಾಪಸ್ಸು ತಂದು, ಒಲೆಗೆ ಹಾಕಿದರು. ಗುರುವಾರ ಗಂಡನ ಸೋದರಮಾವ ಬಂದರು. ಅಪ್ಪ ಊಟ ಹಾಕಿಸಿ, ಮರ್ಯಾದೆಯಿಂದಲೇ ಹೇಳಿದರು. “ಅಳಿಯಂದಿರು ಬರಲಿ. ನನ್ನ ಮಗಳ ಎದುರಿಗೆ ಕೂತು, ಅವರ ಬಾಯಿಂದಲೇ ಬಾ ಅನ್ನಲಿ. ಅವಳು ಹೋಗ್ತೀನಿ ಅಂದ್ರೆ ನಾನೇ ಬಂದು ಬಿಟ್ಟು ಹೋಗ್ತೀನಿ.” ಅವರು ಬಸ್ಸು ಹತ್ತಿ ಹೋದರು. ಮೂರು ವಾರದ ಮೇಲೆ ನನ್ನ ಗಂಡನ ಕೈಬರಹದಲ್ಲಿ ಅಪ್ಪನ ಹೆಸರಿಗೆ ಒಂದು ಕಾರ್ಡು ಬಂತು. ‘ಬರುವ ಹಾಗಿದ್ದರೆ ಬರಬಹುದೆಂದು ಅವಳಿಗೆ ತಿಳಿಸುವುದು’ ಎಂದಿತ್ತು. ಅಪ್ಪ ಅದನ್ನು ಎರಡು ಸಲ ಓದಿದರು. ಆಮೇಲೆ ನನ್ನ ಮುಖ ನೋಡಿದರು. ನಾವಿಬ್ಬರೂ ನಕ್ಕುಬಿಟ್ಟೆವು. ಅಮ್ಮ ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ಕೂತು, ಏನಾಯಿತೆಂದು ಕೇಳಿದಳು. ಅವಳಿಗೂ ಎಲ್ಲ ಹೇಳಿದೆ. ಈ ಸಲ ಹಾಲು ಉಕ್ಕಿದರೂ ಅವಳು ಏಳಲಿಲ್ಲ.

ಹುಳು ಜ್ವರದಿಂದ ಎದ್ದ ಮೇಲೆ ಅಕ್ಕಯ್ಯಮ್ಮ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ ಕಳಿಸಿದರು. ಸೊಪ್ಪಿನ ಹಸಿರು ಕಲೆ, ಹಿಕ್ಕೆಯ ಕಪ್ಪು ಚುಕ್ಕೆ. ಎರಡು ಹಾಳೆ ಪೂರ್ತಿ ಹಾಳಾಗಿದ್ದವು. ಆ ಜಾಗಕ್ಕೆ ಅಪ್ಪ ಬಿಳಿ ಹಾಳೆ ಸೇರಿಸಿ, ಅಕ್ಕಯ್ಯಮ್ಮ ಹೇಳಿದಂತೆ ಬರೆದು, ನಾಲ್ಕು ಕಂತೆಯನ್ನೂ ಒಟ್ಟು ಮಾಡಿ ಹೊಲಿದರು. ಕೂಟ ಮತ್ತೆ ಅಭಿಪ್ರಾಯ ಬರೆಯಿತು. ಸುಮತಿ ಮನೆ ಬಿಟ್ಟದ್ದಕ್ಕೆ ಕಾರಣವಿದೆ, ಅವಳ ತಂದೆ ಕೇಳದೆ ಹೋದದ್ದೇ ಈ ಕಥೆಯ ದೊಡ್ಡ ತಪ್ಪು, ಅದನ್ನು ಲೇಖಕರು ಇನ್ನೂ ಬಿಡಿಸಿ ಬರೆಯಬೇಕಿತ್ತು ಎಂದು ಬರೆದರು. ರಾಮಚಂದ್ರರಾಯರು ತಮಗೆ ಇದು ಒಪ್ಪಿಗೆಯಿಲ್ಲವೆಂದು ಕೆಳಗೆ ಒಂದು ಸಾಲು ಸೇರಿಸಿಯೇ ರುಜು ಹಾಕಿದರು. ಅದೂ ಒಂದು ಅಭಿಪ್ರಾಯವೇ, ಇರಲಿ ಎಂದರು ಅಪ್ಪ. ನನ್ನ ಕೈಯಲ್ಲೂ ಪೆನ್ನು ಕೊಟ್ಟರು. ಕಾಗದ ಸಾದಲಿಗೂ ಹೋಗಿ ಬಂತು. ಕೊನೆಯಲ್ಲಿ ಮೂರನೇ ಕ್ಲಾಸಿನ ಅಕ್ಷರದಲ್ಲಿ, ಒತ್ತಿ ಒತ್ತಿ ಬರೆದ ಒಂದು ರುಜು ಇತ್ತು. ರತ್ನಮ್ಮ, ಸಾದಲಿ.

ಆ ಕಾಗದಕ್ಕೂ ಉತ್ತರ ಬರಲಿಲ್ಲ. ನಾನು ಮುಂದಿನ ವರ್ಷ ಟೀಚರ್ ಟ್ರೈನಿಂಗಿಗೆ ಸೇರಿದೆ, ಚಿಂತಾಮಣಿಯಲ್ಲಿ ಕೆಲಸವಾಯಿತು, ಅಲ್ಲೇ ನಿವೃತ್ತಳಾದೆ. ಗೌರಿಬಿದನೂರಿಗೆ ಮತ್ತೆ ಹೋಗಲಿಲ್ಲ. ಹೊಲಿದ ಆ ಪುಸ್ತಕ ಇವತ್ತಿಗೂ ನನ್ನ ಹತ್ತಿರವಿದೆ, ಮೂರನೆಯ ಭಾಗ ತೆರೆದರೆ ಈಗಲೂ ಸೊಪ್ಪಿನ ವಾಸನೆ ಬರುತ್ತದೆ ಅನ್ನಿಸುತ್ತದೆ. ಶಾಲೆಯಲ್ಲಿ ಎಷ್ಟೋ ಹೆಣ್ಣುಮಕ್ಕಳು ಅಳುತ್ತಾ ಬಂದು, ಏನಾಯಿತೆಂದರೆ “ಏನೂ ಇಲ್ಲ ಟೀಚರ್” ಅನ್ನುತ್ತಿದ್ದರು. ನಾನು ಪಕ್ಕದಲ್ಲಿ ಕೂರಿಸಿಕೊಂಡು ಎರಡನೆಯ ಸಲ ಕೇಳುತ್ತಿದ್ದೆ. ಸಾದಲಿಯ ಬಸ್ಸಿನಲ್ಲಿ ಅಪ್ಪ ನನ್ನನ್ನು ಕೇಳಿದ ಹಾಗೆ, ಸ್ವಲ್ಪ ಆಚೆ ನೋಡುತ್ತಾ ಕೇಳುತ್ತಿದ್ದೆ. ಹೇಳುತ್ತಿದ್ದರು.